ಕಾಯುತ್ತಿರುವವರಿಗೆ ಮೊದಲು ಬರೆ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಅರ್ಧಕ್ಕೆ ನಿಂತ ಎರಡು ಕಾದಂಬರಿ, ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡ ಒಂದು ಮುನ್ನುಡಿ. ಮೂರನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡು ಕೂತಿದ್ದೀಯ. ಗಂಟು ಬಿಚ್ಚು. ಕಾದಂಬರಿಗಳು ನಿನ್ನವು. ಇವತ್ತಲ್ಲದಿದ್ದರೆ ನಾಳೆ ಬರೆಯಬಹುದು, ಬರೆಯದೆಯೂ ಇರಬಹುದು. ಮುನ್ನುಡಿ ಹಾಗಲ್ಲ. ಅದಕ್ಕೆ ಒಬ್ಬರು ಕಾಯುತ್ತಿದ್ದಾರೆ ಅಲ್ವಾ?

ಲಿಯೊನಾರ್ಡೊ ಡ ವಿಂಚಿ 1481ರಲ್ಲಿ ಫ್ಲಾರೆನ್ಸ್ ಹತ್ತಿರದ ಒಂದು ಮಠದ ಸನ್ಯಾಸಿಗಳಿಗೆ ಚಿತ್ರ ಬರೆದುಕೊಡಲು ಒಪ್ಪಿದ. ಹೆಚ್ಚೆಂದರೆ 30 ತಿಂಗಳಲ್ಲಿ ಮುಗಿಸಬೇಕಿತ್ತು. ಕಂದು ಬಣ್ಣದ ಕರಡಿನ ಹಂತದಲ್ಲೇ ಬಿಟ್ಟು ಮಿಲಾನ್‌ಗೆ ಹೊರಟುಹೋದ. ಆ ಅರ್ಧ ಚಿತ್ರವನ್ನು ಜನ ಇವತ್ತಿಗೂ ಉಫೀಜಿ ಮ್ಯೂಸಿಯಂನಲ್ಲಿ ಮೈಮರೆತು ನೋಡುತ್ತಾರೆ. ಬರೆಯುವ ನಾವು ಇಂಥದ್ದನ್ನು ಹೇಳಿಕೊಂಡೇ ಸಮಾಧಾನ ಮಾಡಿಕೊಳ್ಳುತ್ತೇವೆ. ನನಗೆ ಮಾತ್ರ ಆ ಸನ್ಯಾಸಿಗಳ ಯೋಚನೆಯೇ ಜಾಸ್ತಿ. ಕೊನೆಗೆ ಫಿಲಿಪ್ಪಿನೊ ಲಿಪ್ಪಿ ಅನ್ನುವ ಇನ್ನೊಬ್ಬ ಕಲಾವಿದ ಆ ಸನ್ಯಾಸಿಗಳಿಗೆ ಬೇರೆ ಚಿತ್ರ ಬರೆದು ಮುಗಿಸಿದ್ದು 1496ರಲ್ಲಿ. 15 ವರ್ಷ!

ಎಲ್ಲದಕ್ಕೂ ಕಲಾವಿದನನ್ನೇ ದೂರುವುದೂ ತಪ್ಪು. ಮಿಲಾನ್‌ನಲ್ಲಿ ಲಿಯೊನಾರ್ಡೊ ಭಾರಿ ಕುದುರೆಯೊಂದರ ಮಣ್ಣಿನ ಮಾದರಿ ಮಾಡಿದ್ದ. ಎರಕಕ್ಕೆ ಇಟ್ಟಿದ್ದ ಕಂಚು 1494ರಲ್ಲಿ ಫಿರಂಗಿ ಮಾಡಲು ಹೋಯಿತು. ಅದು ಅವನ ಕೈಮೀರಿದ ಮಾತು. ನಿನ್ನ ಮುನ್ನುಡಿ ಇನ್ನೂ ನಿನ್ನ ಕೈಯಲ್ಲೇ ಇದೆ.

ನನ್ನ ಕಪಾಟಿನಲ್ಲಿ ಒಂದು ಹಸ್ತಪ್ರತಿ ಇದೆ. ಹಿರಿಯರೊಬ್ಬರು ಕೊಟ್ಟದ್ದು. ಮೊದಲ ಎರಡು ಹಾಳೆ ಖಾಲಿ. "ಇಲ್ಲಿ ನಿನ್ನ ಮಾತು ಬರಲಿ" ಅಂದಿದ್ದರು. ಚೆನ್ನಾಗಿ ಬರೆಯಬೇಕು ಅಂತ ಮುಂದೂಡುತ್ತಲೇ ಹೋದೆ. ಸಿಕ್ಕಾಗ ಅವರು ಅದರ ಸುದ್ದಿ ಎತ್ತುತ್ತಿರಲಿಲ್ಲ, ನನಗೆ ಮುಜುಗರ ಆಗಬಾರದು ಅಂತ. ನಾನೂ ಎತ್ತುತ್ತಿರಲಿಲ್ಲ. ಆಮೇಲಾಮೇಲೆ ಅವರ ಎದುರಿಗೆ ಬೀಳುವುದನ್ನೇ ತಪ್ಪಿಸಿದೆ. ಒಳ್ಳೆಯ ಸ್ನೇಹವೊಂದು ಹಾಗೆ ಸುಮ್ನೆ ಸೊರಗಿತು. ಈಗ ಅವರಿಲ್ಲ. ಆ ಎರಡು ಹಾಳೆಗಳ ಮೂಲೆಯಲ್ಲಿ ಗುಂಡುಸೂಜಿಯ ತುಕ್ಕಿನ ಕಲೆ ಮಾತ್ರ ಇದೆ.

ಅವರು ಬಯಸಿದ್ದು ದೊಡ್ಡ ಬರಹವನ್ನಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಓದಿದೆ, ಹೀಗನ್ನಿಸಿತು ಅಂತ ಒಂದು ಪುಟ ಬರೆದಿದ್ದರೂ ಸಾಕಿತ್ತು.

ಇವತ್ತೇ ನಿನ್ನ ಮುನ್ನುಡಿಗೆ ಕಾಯುತ್ತಿರುವವರಿಗೆ ಎರಡು ಸಾಲು ಬರೆ. ಆಗುತ್ತದೆ ಅನ್ನುವುದಾದರೆ ಯಾವತ್ತು ಅಂತ ಹೇಳು. ಆಗುವುದಿಲ್ಲ ಅನ್ನುವುದಾದರೆ ಅದನ್ನೇ ಹೇಳು, ಅವರು ಬೇರೆ ಯಾರನ್ನಾದರೂ ಕೇಳಿಕೊಳ್ಳುತ್ತಾರೆ. ಕಾರಣ ಹುಡುಕುತ್ತಾ ಕೂರಬೇಡ, ಅದರಲ್ಲೇ ಇನ್ನೊಂದು ತಿಂಗಳು ಕಳೆದುಹೋಗುತ್ತದೆ.

ಕಳಿಸಿದ ಮೇಲೆ ನನಗೊಂದು ಮಾತು ತಿಳಿಸು. ಕಾದಂಬರಿಗಳ ವಿಚಾರ ಆಮೇಲೆ ನಿಧಾನವಾಗಿ ಮಾತಾಡೋಣ.

ಇಂತಿ,
ನಿನ್ನ ಅಕ್ಕ