ಆಫರ್ ಲೆಟರ್ ಪರಿಶೀಲನೆ ಇನ್ನಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಂಗಳೂರು, ಜೂನ್ 2025

ಪ್ರಿಯ ಗ್ರಾಹಕರೇ,

ಕೆನಡಾದ ಕಾಯಂ ವಾಸಕ್ಕೆ ನುರಿತ ಕೆಲಸಗಾರರಾಗಿ ಅರ್ಜಿ ಹಾಕುವವರಿಗೆ ಅಲ್ಲಿನ ಮಾಲೀಕರು ಕೊಟ್ಟ ಆಫರ್ ಲೆಟರ್ ಓದಿ, ಕೊರತೆ ಗುರುತಿಸಿ, ಕಡತಕ್ಕೆ ಸೇರಿಸಿಕೊಡುವ ಕೆಲಸವನ್ನು ಜುಲೈ 1ರಿಂದ ನಮ್ಮ ಕಚೇರಿ ನಿಲ್ಲಿಸುತ್ತಿದೆ. ಇದಕ್ಕಾಗಿ ಮುಂಗಡ ಕೊಟ್ಟವರು ಹಣ ವಾಪಸು ಪಡೆಯಬಹುದು, ಇಲ್ಲವೇ ಮುಂದೆ ಹೇಳುವ ಅನುಭವ ಪತ್ರದ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು. ರಸೀದಿ ಕಳೆದುಹೋಗಿದ್ದರೂ ಚಿಂತೆಯಿಲ್ಲ. ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿದೆ.

ಮೊದಲ ಕಾರಣ ಸರಳವಾದದ್ದು. ಎಕ್ಸ್‌ಪ್ರೆಸ್ ಎಂಟ್ರಿ ಎಂದರೆ ನುರಿತ ಕೆಲಸಗಾರರಿಗೆ ಅಂಕ ಕೊಟ್ಟು, ಮೇಲಿದ್ದವರನ್ನು ಅರ್ಜಿ ಹಾಕಲು ಆಹ್ವಾನಿಸುವ ಕೆನಡಾದ ವ್ಯವಸ್ಥೆ. ಎಕ್ಸ್‌ಪ್ರೆಸ್ ಎಂಟ್ರಿಯ ರ‍್ಯಾಂಕಿಂಗ್‌ನಲ್ಲಿ ಉದ್ಯೋಗದ ಆಫರ್ ಇದ್ದವರಿಗೆ 50 ಅಂಕ, ಅತ್ಯುನ್ನತ ಆಡಳಿತ ಹುದ್ದೆಯಾದರೆ 200 ಅಂಕ ಸಿಗುತ್ತಿತ್ತು. 2025ರ ಮಾರ್ಚ್ 25ರಿಂದ ಆ ಅಂಕಗಳನ್ನು ತೆಗೆದುಹಾಕಿದ್ದಾರೆ. ಅದಕ್ಕಿಂತ ಮೊದಲೇ ಆಹ್ವಾನ ಪಡೆದವರಿಗೆ ಮತ್ತು ಅರ್ಜಿ ಸಲ್ಲಿಸಿದವರಿಗೆ ಇದು ಅನ್ವಯಿಸುವುದಿಲ್ಲ. ಕ್ರಮ ತಾತ್ಕಾಲಿಕ ಎಂದು ಆ ದೇಶದ ಸಚಿವರು ಘೋಷಿಸುವಾಗಲೇ ಹೇಳಿದ್ದರು, ಆದರೆ ಮುಗಿಯುವ ದಿನಾಂಕ ಕೊಡಲಿಲ್ಲ. 50 ಅಂಕದ ಆಸೆಗೆ ಆಫರ್‌ನ ಕಾಗದಗಳು ಮಾರಾಟಕ್ಕಿಳಿದಿದ್ದವು. ಆ ಸಂತೆಯನ್ನು ಮುಚ್ಚುವುದೇ ಅವರ ಉದ್ದೇಶ.

ಎರಡನೆಯ ಕಾರಣ ಹೇಳಲು ಸ್ವಲ್ಪ ಮುಜುಗರವಾಗುತ್ತದೆ. ನಾವು ಭಾಷಾಂತರ ಮಾಡಿ ದಾಖಲೆ ಜೋಡಿಸುವವರು. ಹಣ ಪಡೆದು ಕೆನಡಾ ವಲಸೆಯ ಸಲಹೆ ಕೊಡಲು ಅಲ್ಲಿನ ವಕೀಲರ ಸಂಘಗಳ ಸದಸ್ಯರಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು ವಲಸೆ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯಲ್ಲಿ ಪರವಾನಗಿ ಪಡೆದವರಿಗೆ ಮಾತ್ರ ಅಧಿಕಾರವಿದೆ. ‘ಈ ಆಫರ್ ನಡೆಯುತ್ತದೆ, ಇದು ನಡೆಯುವುದಿಲ್ಲ’ ಎಂದು ಕೌಂಟರಿನಲ್ಲಿ ಕುಳಿತು ಹೇಳುತ್ತಿದ್ದ ನಾವು ಆ ಗೆರೆಗೆ ತೀರಾ ಹತ್ತಿರ ಹೋಗಿದ್ದೆವು. ಈ ಕೆಲಸವನ್ನು ಮೊದಲೇ ಬಿಡಬೇಕಿತ್ತು.

ಹಾಗಾದರೆ ಆಫರ್ ಲೆಟರ್‌ಗೆ ಬೆಲೆಯೇ ಇಲ್ಲವೇ ಎಂದು ಕೇಳುತ್ತೀರಿ. ಇದೆ. ನುರಿತ ಕೆಲಸಗಾರರ ವಿಭಾಗಕ್ಕೆ ಅರ್ಹರಾಗಲು 100ಕ್ಕೆ 67 ಅಂಕ ಬೇಕು. ಇದು ಮೇಲೆ ಹೇಳಿದ ರ‍್ಯಾಂಕಿಂಗ್‌ಗಿಂತ ಬೇರೆ ಲೆಕ್ಕ, ಇದರಲ್ಲಿ ಸರಿಯಾದ ಆಫರ್‌ಗೆ 10 ಅಂಕ ಈಗಲೂ ಉಂಟು. ಅಲ್ಲಿನ ಕೆಲವು ಪ್ರಾಂತಗಳು ತಮಗೆ ಬೇಕಾದವರನ್ನು ಆರಿಸಿ ಮಾಡುವ ನಾಮನಿರ್ದೇಶನಕ್ಕೂ ಆಫರ್ ಬೇಕಾಗುತ್ತದೆ, ಮತ್ತು ರ‍್ಯಾಂಕಿಂಗ್‌ನಲ್ಲಿ ನಾಮನಿರ್ದೇಶನದ 600 ಅಂಕ ಹಾಗೆಯೇ ಉಳಿದಿದೆ. ಆದರೆ ಆಫರ್ ನಿಜವಾದದ್ದಾಗಿರಬೇಕು: ಬರಹದಲ್ಲಿರಬೇಕು, ವಾರಕ್ಕೆ ಕನಿಷ್ಠ 30 ಗಂಟೆಯ ಸಂಬಳದ ಕೆಲಸವಾಗಿರಬೇಕು, ಋತುವಿಗೆ ಸೀಮಿತವಾದದ್ದಾಗಿರಬಾರದು, ಕಾಯಂ ವಾಸ ಸಿಕ್ಕ ಮೇಲೆ ಕನಿಷ್ಠ ಒಂದು ವರ್ಷ ನಡೆಯಬೇಕು. ಸಂಬಳ, ಕಡಿತ, ಕೆಲಸದ ವಿವರ, ಷರತ್ತುಗಳು ಅದರಲ್ಲಿರಬೇಕು. ಬಹಳಷ್ಟು ಸಂದರ್ಭಗಳಲ್ಲಿ ಅದರ ಬೆನ್ನಿಗೆ ಎಲ್‌ಎಂಐಎ, ಅಂದರೆ ಆ ಕೆಲಸಕ್ಕೆ ಸ್ಥಳೀಯರು ಸಿಗಲಿಲ್ಲ ಎಂಬುದಕ್ಕೆ ಅಲ್ಲಿನ ಸರ್ಕಾರ ಕೊಡುವ ಮನ್ನಣೆ ಇರಬೇಕು. ಬರೀ ಎಲ್‌ಎಂಐಎ ಕೈಯಲ್ಲಿದ್ದರೆ ಅದೇ ಆಫರ್ ಆಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ವಾರಕ್ಕೊಮ್ಮೆಯಾದರೂ ನಮ್ಮ ಮೆಟ್ಟಿಲೇರುತ್ತದೆ: ಆಫರ್ ಇದ್ದರೆ ಬ್ಯಾಂಕಿನಲ್ಲಿ ಹಣ ತೋರಿಸಬೇಕಾಗಿಲ್ಲ ಎಂಬುದು. ಕೆನಡಾದಲ್ಲಿ ಕೆಲಸ ಮಾಡಲು ಈಗಾಗಲೇ ಅನುಮತಿ ಇದ್ದು, ಜೊತೆಗೆ ಆಫರ್ ಕೂಡ ಇದ್ದವರಿಗೆ ಆ ವಿನಾಯಿತಿ. ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಕುಳಿತು ಅರ್ಜಿ ಹಾಕುವ ಹೆಚ್ಚಿನವರಿಗೆ ಅದು ಸಿಗುವುದಿಲ್ಲ.

ಇನ್ನು ಮಧ್ಯವರ್ತಿಗಳ ವಿಷಯ. ಎಲ್‌ಎಂಐಎ ಶುಲ್ಕ ಒಂದು ಹುದ್ದೆಗೆ 1,000 ಕೆನಡಾ ಡಾಲರ್. ಅದನ್ನು ಕೊಡಬೇಕಾದವನು ಮಾಲೀಕ. ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ನಮ್ಮ ದೇಶದಲ್ಲಿ ವಿದೇಶದ ಕೆಲಸಕ್ಕೆ ಜನರನ್ನು ಸೇರಿಸಿಕೊಳ್ಳುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವನು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಅವನ ಹೆಸರು ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೀವೇ ನೋಡಬಹುದು. ಲಕ್ಷಗಳ ಮಾತಾಡುವವನು ನಿಮಗೆ ಮಾರುತ್ತಿರುವುದು ಕೆಲಸವನ್ನಲ್ಲ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ, ಮತ್ತು ಮುಚ್ಚುವುದು ಅರ್ಜಿದಾರನಿಗೆ, ಕಾಗದ ಕೊಟ್ಟವನಿಗಲ್ಲ. ಅಮ್ಮನ ಬಳೆ ಅಡವಿಟ್ಟು ಅಂಥ ಕಾಗದ ತಂದಿದ್ದ ಹುಡುಗನೊಬ್ಬ ನಮ್ಮ ಬೆಂಚಿನಲ್ಲಿ ಒಂದು ಗಂಟೆ ಸುಮ್ಮನೆ ಕುಳಿತಿದ್ದ. ಅವನಿಗೆ ಏನು ಹೇಳಬೇಕೆಂದು ನಮಗೆ ತೋಚಲಿಲ್ಲ.

ಇನ್ನು ಮುಂದೆ ನಮ್ಮ ಸಮಯ ಹೋಗುವುದು ಅನುಭವ ಪತ್ರಕ್ಕೆ. ಆಫರ್ ಲೆಟರ್ ಮುಂದಿನ ಕೆಲಸದ ಮಾತು. ಅನುಭವ ಪತ್ರ ಆಗಿಹೋದ ಕೆಲಸದ ಸಾಕ್ಷಿ. ಹತ್ತು ವರ್ಷ ಹಿಂದೆ ಕೆಲಸಕ್ಕೆ ಸೇರುವಾಗ ಸಿಕ್ಕ ನೇಮಕಾತಿ ಆದೇಶವನ್ನು ಅನುಭವ ಪತ್ರವೆಂದು ತರುವವರು ಈಗಲೂ ಇದ್ದಾರೆ. ಅದು ಸಾಲುವುದಿಲ್ಲ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ವಿಳಾಸ, ದೂರವಾಣಿ, ಇಮೇಲ್ ಸಹಿತ, ನಿಮ್ಮ ಮೇಲಧಿಕಾರಿ ಅಥವಾ ಸಿಬ್ಬಂದಿ ವಿಭಾಗದವರು ಹೆಸರು, ಹುದ್ದೆ ಬರೆದು ಸಹಿ ಮಾಡಿರಬೇಕು. ನೀವು ನಿರ್ವಹಿಸಿದ ಪ್ರತಿಯೊಂದು ಹುದ್ದೆ, ಎಂದಿನಿಂದ ಎಂದಿನವರೆಗೆ, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ, ಸವಲತ್ತುಗಳು, ಮತ್ತು ಮುಖ್ಯವಾಗಿ ಏನು ಕೆಲಸ ಮಾಡಿದಿರಿ ಎಂಬುದು ಅದರಲ್ಲಿರಬೇಕು.

ಆ ಕೊನೆಯದರಲ್ಲೇ ನಮ್ಮ ಜಿಲ್ಲೆಗಳವರು ಹೆಚ್ಚು ಎಡವುವುದು. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಒಬ್ಬನೇ ಮನುಷ್ಯ ಬೆಳಿಗ್ಗೆ ಸಾಂಬಾರಿಗೆ ಒಗ್ಗರಣೆ ಹಾಕಿ, ಮಧ್ಯಾಹ್ನ ಸಪ್ಲೈ ಮಾಡಿ, ರಾತ್ರಿ ಗಲ್ಲಾದಲ್ಲಿ ಕೂರುತ್ತಾನೆ. ಮಾಲೀಕರು ಪ್ರೀತಿಯಿಂದ ‘ಮ್ಯಾನೇಜರ್’ ಎಂದು ಬರೆದುಕೊಡುತ್ತಾರೆ. ಕೆನಡಾದವರು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡಿದ ಕೆಲಸವನ್ನು. ಒಂದೊಂದು ಬಗೆಯ ಕೆಲಸಕ್ಕೂ ಅವರ ಪಟ್ಟಿಯಲ್ಲಿ ಒಂದು ಸಂಕೇತ ಸಂಖ್ಯೆಯಿದೆ. ಅಡುಗೆಯವರ ಸಂಕೇತ ಸಂಖ್ಯೆ 63200, ಅದು ನುರಿತ ವರ್ಗದಲ್ಲಿದೆ. ಬಡಿಸುವವರದು 65200, ಅದು ಇಲ್ಲ. ಎಂಟು ವರ್ಷ ದೋಸೆ ಕಲ್ಲಿನ ಮುಂದೆ ನಿಂತವನ ಪತ್ರದಲ್ಲಿ ಅಡುಗೆಯ ಮಾತೇ ಇಲ್ಲದಿದ್ದರೆ ಆ ಎಂಟು ವರ್ಷ ನೀರಲ್ಲಿ ಹೋಮ. ಹಾಗೆಂದು ಅವರ ಪಟ್ಟಿಯಲ್ಲಿರುವ ಕೆಲಸದ ವಿವರಣೆಯ ಸಾಲುಗಳನ್ನು ಪದಶಃ ನಕಲು ಮಾಡಿಸಿದರೂ ಅನುಮಾನ ಹುಟ್ಟುತ್ತದೆ. ದಿನಕ್ಕೆ ಹನ್ನೆರಡು ಗಂಟೆ ದುಡಿದಿದ್ದರೂ ವಾರಕ್ಕೆ 30 ಗಂಟೆಯಷ್ಟೇ ಲೆಕ್ಕ. ಇದು ಅನ್ಯಾಯವೆಂದು ಅನೇಕರು ನಮ್ಮ ಮೇಲೆ ಸಿಟ್ಟಾಗಿದ್ದಾರೆ.

ಈ ಸಂಕೇತಗಳ ಪಟ್ಟಿಗೆ ಅಲ್ಲಿ ‘ಎನ್‌ಓಸಿ’ ಎನ್ನುತ್ತಾರೆ. ಗಲ್ಫ್‌ನಿಂದ ಬಂದವರು ಎನ್‌ಓಸಿ ಎಂದಕೂಡಲೇ ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರಕ್ಕಾಗಿ ಫೋನು ತಿರುಗಿಸುತ್ತಾರೆ. ದಯವಿಟ್ಟು ಬೇಡ, ಇದು ಬೇರೆ.

ಗಲ್ಫ್‌ನ ಪತ್ರಗಳು ಅರೇಬಿಕ್‌ನಲ್ಲಿದ್ದರೆ, ಊರಿನವು ಕನ್ನಡದಲ್ಲಿದ್ದರೆ ಇಂಗ್ಲಿಷ್ ಭಾಷಾಂತರ ಬೇಕು. ಅದನ್ನು ನಾವು ಮಾಡಿಕೊಡುತ್ತೇವೆ. ಕಂಪನಿಯೇ ಮುಚ್ಚಿದ್ದರೆ ಕರಾರುಪತ್ರ, ಸಂಬಳ ಚೀಟಿ, ಬ್ಯಾಂಕ್ ವಿವರ, ಜೊತೆಗೆ ಕೆಲಸ ಮಾಡಿದವರ ಪ್ರಮಾಣಪತ್ರ ಹುಡುಕಿಡಿ. ಆಹ್ವಾನ ಬಂದ ಮೇಲೆ ಸಿಗುವುದು 60 ದಿನ ಮಾತ್ರ. ಅಷ್ಟರಲ್ಲಿ ಸೌದಿಯ ಜುಬೈಲ್‌ನ ಮೇಲಧಿಕಾರಿ ರಜೆಯಲ್ಲಿರಬಹುದು. ಪತ್ರವನ್ನು ಈಗಲೇ ಕೇಳಿ.

ಕಚೇರಿಯ ಸಮಯ ಮೊದಲಿನಂತೆಯೇ. ಮೂಲ ಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನಿ. ಕಳೆದ ವಾರದ ಮಳೆಯಲ್ಲಿ ಒಬ್ಬರ ಕುವೈತ್ ಪತ್ರದ ಮೊಹರು ಬಸ್ಸಿಳಿಯುವಷ್ಟರಲ್ಲೇ ನೀಲಿ ನೀರಾಗಿತ್ತು.

ಇತಿ,
ಕಚೇರಿಯ ಪಾಲುದಾರರು