ಮಳೆಗಾಲದಲ್ಲಿ ನಮ್ಮ ಬೋರ್ಡಿಂಗ್‌ನ 7 ಗೂಡು ಖಾಲಿ ಇರುತ್ತವೆ

ಸೀತಾಂಗೋಳಿ (ಕಾಸರಗೋಡು ಜಿಲ್ಲೆ), ಏಪ್ರಿಲ್ ಕೊನೆಯ ವಾರ

ಪ್ರಿಯ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ನಮ್ಮ ನಾಯಿ-ಬೆಕ್ಕು ಬೋರ್ಡಿಂಗ್‌ನ 12 ಗೂಡುಗಳಲ್ಲಿ 7ನ್ನು ಬುಕ್ಕಿಂಗ್‌ಗೆ ಕೊಡುವುದಿಲ್ಲ. ಹೊಳೆ ಉಕ್ಕಿಯೋ ಗುಡ್ಡ ಜರಿದೋ ಮನೆ ಬಿಡಬೇಕಾದವರ ಪ್ರಾಣಿಗಳಿಗೆ ಅವು ಮೀಸಲು. ಅವರಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಉಳಿದ 5 ಗೂಡುಗಳ ದಿನದ ಬಾಡಿಗೆ 350 ರೂಪಾಯಿ ಇದ್ದದ್ದು 420 ಆಗುತ್ತದೆ. ನಮ್ಮ ಅಂಗಡಿಯ ಹಿಂಡಿ, ಬೂಸಾ, ಕೋಳಿ ಆಹಾರದ ದರ ಇದಕ್ಕಾಗಿ ಏರುವುದಿಲ್ಲ.

ಓಣಂ ರಜೆಗೆ ಊರು ಬಿಡುವವರಿಗೆ, ಆಟಿ ತಿಂಗಳು ಮುಗಿದ ಕೂಡಲೇ ಮದುವೆ, ಗೃಹಪ್ರವೇಶ ಎಂದು ಓಡಾಡುವವರಿಗೆ ಇದರಿಂದ ಕಷ್ಟವಾಗುತ್ತದೆ, ಗೊತ್ತು. "ನೀರು ಬಂದ ಮೇಲೆ ಗೂಡು ಬಿಡಿಸಿಕೊಟ್ಟರೆ ಸಾಲದೇ, ನಾಲ್ಕು ತಿಂಗಳು ಖಾಲಿ ಇಡುವುದು ಎಂಥದಕ್ಕೆ?" ಎಂದು ಅಂಗಡಿಗೆ ಬಂದವರು ಕೇಳಿದ್ದಾರೆ. ಕೇಳುವಂಥ ಪ್ರಶ್ನೆಯೇ.

ನಮ್ಮ ಕಡೆ ನೆರೆ ಬರುವ ರೀತಿ ನಿಮಗೆ ಹೊಸತಲ್ಲ. ಮಧುವಾಹಿನಿ ತುಂಬಿದರೆ ಮಧೂರು ದೇವಸ್ಥಾನದ ಅಂಗಳಕ್ಕೇ ನೀರು. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಬದಿಯವರು ಮೇಲೆ ಘಟ್ಟದ ಕಡೆ ಮಳೆ ಹೇಗಿದೆ ಎಂದು ಕೇಳಿಯೇ ಮಲಗುವುದು. ಈಗ ಅದರ ಮೇಲೆ ಗುಡ್ಡದ ಭಯವೂ ಸೇರಿದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೇ ಜರಿದು ಬಿತ್ತು. ಇಂಥ ಹೊತ್ತಿನಲ್ಲಿ ವಾರ್ಡ್ ಮೆಂಬರ್ ಬಂದು ಹೊರಡಿ ಎಂದರೆ ಮನೆಯವರಿಗೆ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಹೋಗಬೇಕಾದದ್ದು ಶಾಲೆಯ ಕ್ಯಾಂಪಿಗೆ. ಅಲ್ಲಿ ಒಂದು ಕ್ಲಾಸ್‌ರೂಮಿನಲ್ಲಿ ಮೂರು ನಾಲ್ಕು ಮನೆಯವರು, ಹಸುಗೂಸು, ದಮ್ಮು ಇರುವ ಅಜ್ಜಂದಿರು. ನಾಯಿಯನ್ನು ಒಳಗೆ ಬಿಡುವುದಿಲ್ಲ ಎಂದರೆ ಕ್ಯಾಂಪಿನವರನ್ನು ದೂರುವ ಹಾಗಿಲ್ಲ. ಆಗ ಮನೆಯ ಹಿರಿಯರೊಬ್ಬರು "ನೀವೆಲ್ಲ ಹೋಗಿ, ನಾನು ಇದರೊಟ್ಟಿಗೆ ಇಲ್ಲೇ ಇರುತ್ತೇನೆ" ಎಂದು ಜಗಲಿಯಲ್ಲಿ ಕೂತುಬಿಡುತ್ತಾರೆ. ನಾಯಿಗೆ ಜಾಗ ಕೊಡುವುದೆಂದರೆ ಅವರನ್ನು ಆ ಜಗಲಿಯಿಂದ ಎಬ್ಬಿಸುವುದು. ನಮ್ಮ ಲೆಕ್ಕ ಇಷ್ಟೇ.

2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲೂ ಸಾಕಿದ ನಾಯಿ-ಬೆಕ್ಕು ಬಿಟ್ಟು ಬರಲಾರೆವು ಎಂದು ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷವೇ ಅಲ್ಲಿ, ಜನರನ್ನು ತೆರವು ಮಾಡುವ ಯೋಜನೆಯಲ್ಲಿ ಅವರ ಪ್ರಾಣಿಗಳಿಗೂ ವ್ಯವಸ್ಥೆ ಇರಬೇಕೆಂದು ಕಾನೂನು ಬಂತು. ಅಷ್ಟು ದೂರ ಯಾಕೆ, 2024ರ ಜುಲೈ 30ರ ವಯನಾಡು ಭೂಕುಸಿತದ ನಂತರ ಮುಂಡಕ್ಕೈ, ಚೂರಲ್‌ಮಲದ ಅವಶೇಷಗಳ ನಡುವೆ ಯಜಮಾನರನ್ನು ಹುಡುಕಿಕೊಂಡು ಅಲೆಯುತ್ತಿದ್ದ ನಾಯಿಗಳನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ.

ಇನ್ನು, ಗೂಡು ಮೊದಲೇ ಖಾಲಿ ಇರಬೇಕಾದ ಕಾರಣ. ನೆರೆಯಿಂದ ಬಂದ ನಾಯಿಯನ್ನು ನಿಮ್ಮ ನಾಯಿಯ ಪಕ್ಕದ ಗೂಡಿಗೆ ಹಾಕುವಂತಿಲ್ಲ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಅದು ಈಜಿರುತ್ತದೆ, ಅದನ್ನೇ ಕುಡಿದಿರುತ್ತದೆ. ಇಲಿಜ್ವರ ಮನುಷ್ಯರಿಗೆ ಹೇಗೋ ನಾಯಿಗೂ ಹಾಗೆಯೇ; ತಗುಲಿದ ನಾಯಿಯ ಮೂತ್ರದಿಂದ ಗೂಡು ತೊಳೆಯುವವರಿಗೂ ಬರಬಹುದು. ನಾಯಿಗಳಿಗೆ ಬರುವ ಪಾರ್ವೊ ರೋಗ ಇನ್ನೂ ಹಠಮಾರಿ. ಸೋಂಕು ತಗುಲಿದ ಮೇಲೆ ವಾಂತಿ, ರಕ್ತಭೇದಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ಕೆಲವೊಮ್ಮೆ ಎರಡು ವಾರ. ಅದರ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ಗೂಡನ್ನು ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಒಂದಕ್ಕೆ ಮೂವತ್ತು ಪಾಲು ನೀರು ಬೆರೆಸಿದ ಬ್ಲೀಚ್ ಹಾಕಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಜಡಿಮಳೆಯ ರಾತ್ರಿ, ಬಾಗಿಲಲ್ಲಿ ಜನ ನಿಂತಿರುವಾಗ, ಒಳಗಿದ್ದ ನಾಯಿಗಳನ್ನು ಅತ್ತಿತ್ತ ಮಾಡಿ ಇದನ್ನೆಲ್ಲ ಮಾಡಲಾಗದು. ಹಾಗಾಗಿ ಹಿತ್ತಿಲ ಕಡೆಯ 7 ಗೂಡುಗಳಿಗೆ ಬೇರೆ ಬಾಗಿಲು, ಬೇರೆ ಬಕೆಟ್, ಬೇರೆ ಪೊರಕೆ. ಅಲ್ಲಿ ಕೆಲಸ ಮಾಡುವವರು ಗಂಬೂಟು, ಗ್ಲೌಸ್ ಹಾಕಿಯೇ ಒಳಗೆ ಹೋಗುತ್ತಾರೆ, ಆ ದಿನ ಮುಂಭಾಗದ ಗೂಡುಗಳ ಕಡೆ ಬರುವುದಿಲ್ಲ. ಬಾಡಿಗೆ ಏರಿಸಿದ್ದು ಈ ಆಳಿನ ಖರ್ಚಿಗೆ.

ಬಂದ ಪ್ರಾಣಿಯನ್ನು ಯಜಮಾನರ ಜೊತೆ ನಿಲ್ಲಿಸಿ ಫೋಟೊ ತೆಗೆಯುತ್ತೇವೆ, ಕೊರಳಿಗೆ ಫೋನ್ ನಂಬರಿನ ಪಟ್ಟಿ ಕಟ್ಟುತ್ತೇವೆ. ದನದ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಉಂಟು, ನಾಯಿಗೆ ಅದೂ ಇಲ್ಲ ನೋಡಿ. ಎರಡು ಮೂರು ದಿನ ಹಸಿದದ್ದಕ್ಕೆ ಮೊದಲ ದಿನವೇ ಹೊಟ್ಟೆ ತುಂಬ ಹಾಕುವುದಿಲ್ಲ. ತೆಳು ಗಂಜಿ, ಸ್ವಲ್ಪ ಸ್ವಲ್ಪ. ನಾಯಿಯನ್ನು ಬಿಡಲು ಬಂದ ಮಕ್ಕಳು ಇದನ್ನು ನೋಡಿ ನಮ್ಮನ್ನು ಜಿಪುಣರೆಂದುಕೊಂಡರೂ ಅಡ್ಡಿಯಿಲ್ಲ. ದನಗಳಿಗೆ ನಮ್ಮಲ್ಲಿ ಹಟ್ಟಿ ಇಲ್ಲ. ಕಾಸರಗೋಡು ಗಿಡ್ಡ ತಳಿಯದ್ದಾದರೆ ಪಿಕಪ್ಪಿಗೆ ಹತ್ತಿಸುವುದು ಅಷ್ಟು ಕಷ್ಟವಲ್ಲ, ಎತ್ತರದ ಜಾಗದಲ್ಲಿರುವ ಪರಿಚಯದವರ ಹಟ್ಟಿಯನ್ನು ಈಗಲೇ ಗೊತ್ತು ಮಾಡಿಡಿ. ಹಿಂಡಿ ಸಾಲಕ್ಕೆ ಕೊಡುತ್ತೇವೆ. ಚಿಕಿತ್ಸೆ ಬೇಕಾದರೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಹೊಳೆ ಬದಿಯ, ಗುಡ್ಡದ ಬುಡದ ಗ್ರಾಹಕರು ಮೇ ತಿಂಗಳಲ್ಲೇ ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಇಲಿಜ್ವರ ಸೇರಿರುವ ಚುಚ್ಚುಮದ್ದನ್ನೂ ಹಾಕಿಸಿಬಿಡಿ. ಮೊದಲಿನದು ಪಂಚಾಯತಿನ ಲೈಸನ್ಸ್‌ಗೂ ಬೇಕೇ ಬೇಕು. ಕಾರ್ಡಿನ ಫೋಟೊ ಫೋನಿನಲ್ಲಿರಲಿ, ಕಾರ್ಡು ನೆನೆದು ಮುದ್ದೆಯಾಗುತ್ತದೆ. ಬೆಕ್ಕಿನ ಬುಟ್ಟಿಯನ್ನು ಈಗಿನಿಂದಲೇ ಮನೆಯೊಳಗೆ ತೆರೆದಿಡಿ, ಅದು ಅದರಲ್ಲಿ ಮಲಗಿ ಅಭ್ಯಾಸವಾಗಲಿ; ಗಡಿಬಿಡಿಯಲ್ಲಿ ಹಿಡಿಯಲು ಹೋದರೆ ಅಟ್ಟ ಸೇರಿಬಿಡುತ್ತದೆ. ಏನೇ ಮಾಡಿದರೂ ಪ್ರಾಣಿಯನ್ನು ಕರೆತರಲು ಆಗಲೇ ಇಲ್ಲ ಎಂದಾದರೆ ಸರಪಳಿ ಬಿಚ್ಚಿ, ಗೂಡಿನ ಬಾಗಿಲು ತೆಗೆದು ಹೊರಡಿ. ಕಟ್ಟಿಹಾಕಿದ್ದಕ್ಕೆ ಈಜಲು ಬರುವುದಿಲ್ಲ.

ಸಹಾಯ ಮಾಡುತ್ತೇವೆ ಎಂದವರಿಗೆ ಒಂದು ಮಾತು: ಹಳೆ ಸೀರೆ, ಉಳಿದ ಬಿರಿಯಾನಿ ಬೇಡ. ಒಣ ಗೋಣಿ, ಹಳೆ ಪೇಪರ್, ಬ್ಲೀಚ್ ಎಷ್ಟಿದ್ದರೂ ಬೇಕು.

ಈಗಾಗಲೇ ಓಣಂಗೆ ಬುಕ್ ಮಾಡಿದವರಲ್ಲಿ ಮೊದಲು ಹಣ ಕಟ್ಟಿದ ಐವರಿಗೆ ಹಳೆಯ ದರದಲ್ಲೇ ಗೂಡು ಸಿಗುತ್ತದೆ. ಉಳಿದವರು ಮೇ 15ರೊಳಗೆ ರಸೀದಿ ತಂದರೆ ಮುಂಗಡ ಪೂರ್ತಿ ವಾಪಸ್. ಜೂನ್‌ನಿಂದ ಅಂಗಡಿ ಸಂಜೆ 6ಕ್ಕೆ ಮುಚ್ಚುತ್ತದೆ. ನೆರೆಯ ಕರೆಗೆ ಮಾತ್ರ ರಾತ್ರಿಯೂ ಫೋನ್ ಎತ್ತುತ್ತೇವೆ. ಮನೆಗೆ ಹಿಂಡಿ ತಲುಪಿಸುವ ಪಿಕಪ್ ನೆರೆಯ ಕೆಲಸಕ್ಕೆ ಹೋಗಿದ್ದ ದಿನ ನಿಮ್ಮ ಲೋಡು ಮರುದಿನ ಬರುತ್ತದೆ.

ಇತಿ,
ಅಂಗಡಿ ಮತ್ತು ಬೋರ್ಡಿಂಗ್ ನಡೆಸುವವರು