ಕಳ್ಳನಿಗೆ ಗೊತ್ತಿರುವುದು ನಮಗೇಕೆ ಗುಟ್ಟು?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಅಮ್ಮನ ರಕ್ತದ ರಿಪೋರ್ಟ್ ತರಲು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನ ಗಾಜಿಗೆ ‘ಸರ್ವರ್ ಡೌನ್’ ಎಂಬ ಚೀಟಿ. ಹುಡುಗಿ ಕಾರ್ಬನ್ ಇಟ್ಟು ಕೈಯಲ್ಲೇ ಬಿಲ್ ಬರೆಯುತ್ತಿದ್ದಳು. ಏನಾಯ್ತಮ್ಮ ಎಂದರೆ, ‘ಅಪ್‌ಡೇಟ್ ನಡೀತಿದೆ ಸಾರ್’ ಎಂದಳು. ನಾಲ್ಕು ದಿನ ಬಿಟ್ಟು ಹೋದರೂ ಅದೇ ಚೀಟಿ, ಅದೇ ಅಪ್‌ಡೇಟ್. ಹ್ಯಾಕ್ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಆಗಿದ್ದರೂ ಇದೇ ಉತ್ತರ ಸಿಗುತ್ತಿತ್ತು, ಅಷ್ಟೇ.

ಪಾಪ, ಆ ಹುಡುಗಿಯನ್ನು ಬೈದು ಏನು ಪ್ರಯೋಜನ? ದೊಡ್ಡವರದ್ದೂ ಇದೇ ಪಾಠ. 2019ರ ಅಕ್ಟೋಬರ್ 29ರಂದು ಕೂಡಂಕುಳಂ ಅಣು ವಿದ್ಯುತ್ ಸ್ಥಾವರದವರು, ನಮ್ಮ ಕಂಟ್ರೋಲ್ ಸಿಸ್ಟಂ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ ಎಂದು ಪ್ರಕಟಣೆ ಕೊಟ್ಟರು. ಮಾರನೇ ದಿನವೇ ಅಣು ವಿದ್ಯುತ್ ನಿಗಮ, ಮಾಲ್‌ವೇರ್ (ಕಂಪ್ಯೂಟರಿಗೆ ನುಗ್ಗಿ ಹಾನಿ ಮಾಡುವ ಸಾಫ್ಟ್‌ವೇರ್) ಸಿಕ್ಕಿದ್ದು ನಿಜ ಎಂದಿತು. ಅದು ಕಚೇರಿ ಕೆಲಸದ ಕಂಪ್ಯೂಟರ್, ರಿಯಾಕ್ಟರಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಸರಿ, ಒಪ್ಪೋಣ. ಆದರೆ ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಇದನ್ನು ಪತ್ತೆ ಮಾಡಿದ್ದು ಸೆಪ್ಟೆಂಬರ್ 4ರಂದು! ಎಂಟು ವಾರ ತುಟಿ ಬಿಚ್ಚಲಿಲ್ಲ. ಸುದ್ದಿ ಹೊರಗೆ ಬರದಿದ್ದರೆ ಇವತ್ತಿಗೂ ಬಿಚ್ಚುತ್ತಿರಲಿಲ್ಲವೇನೋ. ಡಿಟ್ರ್ಯಾಕ್ ಎಂಬ ಆ ಮಾಲ್‌ವೇರ್ ಉತ್ತರ ಕೊರಿಯಾದ ಹ್ಯಾಕರ್‌ಗಳದ್ದು ಎಂಬುದೂ ನಮಗೆ ತಿಳಿದದ್ದು ಹೊರಗಿನ ತಜ್ಞರಿಂದ.

ಈಗ ನಿಯಮ ನೋಡಿ. ಹ್ಯಾಕ್ ಆದ ಸಂಸ್ಥೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರಲ್ಲಿ ಆದೇಶವಾಯಿತು. ಒಳ್ಳೆಯದೇ. ಆದರೆ 2023ರ ನವೆಂಬರಿನಲ್ಲಿ ಅದೇ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯಿಂದ ಹೊರಗಿಟ್ಟರು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ದೂರು ಬಿಟ್ಟರೆ ಬೇರೇನು ಕೇಳಿದರೂ ಅವರು ಉತ್ತರಿಸಬೇಕಿಲ್ಲ. ಅಂದರೆ ಸರ್ಕಾರಕ್ಕೆ 6 ಗಂಟೆ, ನಮಗೆ ಯಾವತ್ತೂ ಇಲ್ಲ.

ಯಾಕೆ ಮುಚ್ಚಿಡುತ್ತೀರಿ ಎಂದರೆ ದೇಶದ ಭದ್ರತೆ ಅಂತಾರೆ. ಕನ್ನ ಹಾಕಿದವನಿಗೆ ಗೋಡೆಯ ತೂತು ಎಲ್ಲಿದೆ ಅಂತ ಗೊತ್ತೇ ಇರುತ್ತದೆ, ಅಲ್ವಾ? ಗೊತ್ತಿಲ್ಲದೇ ಇರುವುದು ಮನೆಯವರಿಗೆ ಮಾತ್ರ. ತೂತನ್ನು ತೋರಿಸಿ ಅಂತ ಯಾರೂ ಕೇಳುತ್ತಿಲ್ಲ. ನುಗ್ಗಿದ್ದು ಹೌದಾ, ಯಾರ ಮಾಹಿತಿ ಹೋಯಿತು, ಪಾಸ್‌ವರ್ಡ್ ಬದಲಿಸಬೇಕಾ, ಬ್ಯಾಂಕಿಗೆ ಹೇಳಬೇಕಾ? ಇಷ್ಟನ್ನು ಒಂದು ತಿಂಗಳೊಳಗೆ ಬಾಯಿಬಿಟ್ಟು ಹೇಳಲೇಬೇಕು ಅಂತ ಕಾನೂನು ಮಾಡಲಿ.

ನಮ್ಮ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ನಾಳೆ ಅಲ್ಲಿ ಯಾರಾದರೂ ಕೈ ಹಾಕಿದರೆ ಅದಕ್ಕೂ ‘ಅಪ್‌ಡೇಟ್ ನಡೀತಿದೆ’ ಅಂತ ಚೀಟಿ ಅಂಟಿಸುತ್ತಾರಾ? ನಮ್ಮ ಸಂಸದರು ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಕೇಳಲಿ.

— ಒಬ್ಬ ಓದುಗ, ತುಮಕೂರು